ಕರಿಯನ ಪಾತ್ರಕ್ಕೆ ಮಸಿ ಬೇಡ

ಫೋರ್ಟ್ ಲೀ, ನ್ಯೂ ಜೆರ್ಸಿ
೧೬ ಫೆಬ್ರವರಿ ೧೯೭೫

ತೀರ್ಥರೂಪು ಅಪ್ಪನಿಗೆ ಪಂಕಜಾ ಮಾಡುವ ನಮಸ್ಕಾರಗಳು.

ಕಣ್ಣಿನ ಆಪರೇಷನ್ ಆದಮೇಲೆ ಈಗ ಹೇಗಿದ್ದೀರಿ? ಪಟ್ಟಿ ಬಿಚ್ಚಿದ ದಿನವೇ ಪೇಪರ್ ಕೇಳಿದಿರಂತೆ, ತಮ್ಮ ಹರಿ ಬರೆದಿದ್ದ. ಡಾಕ್ಟರ ಮಾತನ್ನು ನೀವು ಎಂದು ಕೇಳಿದ್ದೀರಿ ಹೇಳಿ. ಈ ಕಾಗದವನ್ನು ಮಾತ್ರ ಹರಿಯ ಕೈಲಿ ಓದಿಸಬೇಡಿ. ಎರಡು ದಿನ ಹಿಡಿದರೂ ಸರಿ, ನೀವೇ ಓದಿ. ಇಲ್ಲಿ ನಾವೆಲ್ಲ ಕ್ಷೇಮ. ಸ್ನೋ ಬಿದ್ದು ರಸ್ತೆಯೇ ಕಾಣುತ್ತಿಲ್ಲ. ನಿಮ್ಮ ಅಳಿಯಂದಿರು ಸೇತುವೆ ದಾಟಿ ಮ್ಯಾನ್‌ಹಟನ್‌ಗೆ ಕೆಲಸಕ್ಕೆ ಹೋಗಿಬರುವುದರಲ್ಲೇ ಅರ್ಧ ಆಯುಷ್ಯ ಹೋಯಿತೆಂದು ದಿನಾ ಗೊಣಗುತ್ತಾರೆ.

ಯುಗಾದಿಗೆ ಇಲ್ಲಿನ ಕನ್ನಡದವರೆಲ್ಲ ಸೇರಿ ನಿಮ್ಮ ನಾಟಕ ಆಡುತ್ತಿದ್ದೇವೆ. ನಂಜನಗೂಡಿನ ಹೈಸ್ಕೂಲಿನಲ್ಲಿ ನೀವು ಹೆಡ್‌ಮಾಸ್ತರರಾಗಿದ್ದಾಗ ಬರೆದು, ಆಳು ಕರಿಯನ ಪಾತ್ರವನ್ನು ನೀವೇ ಮಾಡಿ, ಊರನ್ನೆಲ್ಲ ಹೊಟ್ಟೆ ಹಿಡಿದು ನಗಿಸುತ್ತಿದ್ದಿರಲ್ಲ, ಅದೇ. ಇದ್ದಿಲು ಅರೆದು, ಕೊಬ್ಬರಿ ಎಣ್ಣೆಯಲ್ಲಿ ಕಲಸಿ, ನಿಮ್ಮ ಮುಖಕ್ಕೆ ಬಳಿಯುವ ಕೆಲಸ ನನ್ನದಾಗಿತ್ತು. ಅಮ್ಮನಿಗೂ ಅದನ್ನು ಬಿಟ್ಟುಕೊಡುತ್ತಿರಲಿಲ್ಲ, ಅಷ್ಟು ಹೆಮ್ಮೆ ನನಗೆ. ಈಗ ಕರಿಯ ನಿಮ್ಮ ಅಳಿಯಂದಿರು. ಇದ್ದಿಲಿನ ಬದಲು ಬೂಟ್ ಪಾಲಿಶ್ ಡಬ್ಬಿ ತಂದಿಟ್ಟುಕೊಂಡಿದ್ದಾರೆ. ನಾಟಕಕ್ಕೆ ಸಿಕ್ಕಿರುವ ಜಾಗ ನ್ಯೂಯಾರ್ಕಿನ ಕ್ವೀನ್ಸ್ ಭಾಗದ ಒಂದು ಚರ್ಚಿನ ಹಾಲ್. ಅದು ಕಪ್ಪು ಜನರ ಚರ್ಚು. ನಾಲ್ಕು ಕಡೆ ಇಲ್ಲ ಅನ್ನಿಸಿಕೊಂಡು ಅಲ್ಲಿಗೆ ಹೋದಾಗ ಹಾಲ್ ನೋಡಿಕೊಳ್ಳುವ ಮಿಸೆಸ್ ಗೇನ್ಸ್ ಬಾಡಿಗೆಯ ಮಾತೇ ಎತ್ತಲಿಲ್ಲ. ಜಾಗವಿಲ್ಲದೆ ಅಲೆಯುವುದು ಏನೆಂದು ನಮ್ಮ ಹಿರಿಯರಿಗೆ ಗೊತ್ತಿತ್ತು ಎಂದರು. ಅವರೂ ಅವರ ಚರ್ಚಿನವರೂ ಮುಂದಿನ ಸಾಲಿನಲ್ಲಿ ಕೂತು ನಾಟಕ ನೋಡುತ್ತಾರಂತೆ.

ನಾನು ಸಂಜೆ ಕಾಲೇಜಿಗೆ ಹೋಗುವ ವಿಷಯ ಹಿಂದೆಯೇ ಬರೆದಿದ್ದೆ. ಕಳೆದ ವಾರ ಪ್ರೊಫೆಸರ್ ನೂರೈವತ್ತು ವರ್ಷದ ಹಿಂದಿನ ನ್ಯೂಯಾರ್ಕಿನ ಪಾಠ ಮಾಡಿದರು. ಬಿಳಿಯರ ಚರ್ಚಿನಲ್ಲಿ ಕಪ್ಪು ಜನರಿಗೆ ಬೇರೆ ಜಾಗ, ಪ್ರಸಾದಕ್ಕೂ ಕೊನೆಯ ಸರದಿ. ರೋಸಿಹೋಗಿ ಅವರು ತಮ್ಮದೇ ಚರ್ಚು ಕಟ್ಟಿಕೊಂಡರು. ತಮ್ಮದೇ ನಾಟಕಶಾಲೆಯನ್ನೂ ತೆರೆದರು, ಆದರೆ ಪೊಲೀಸರು ನುಗ್ಗಿ ನಟರನ್ನು ಹಿಡಿದೊಯ್ದರು, ಅದು ಬಾಳಲಿಲ್ಲ. ಆಮೇಲೆ ಬಿಳಿಯರು ಬಾಟಲಿಯ ಬಿರಡೆ ಸುಟ್ಟ ಮಸಿಯನ್ನು ಮುಖಕ್ಕೆ ಬಳಿದುಕೊಂಡು, ಕಪ್ಪು ಜನರ ಹಾಗೆ ಕುಣಿದು, ಅವರ ಮಾತನ್ನು ಅಣಕಿಸಿದರೆ ಥಿಯೇಟರುಗಳು ತುಂಬಿ ತುಳುಕಿದವಂತೆ. ಆ ಕಾಲದ ಒಂದು ಪೋಸ್ಟರನ್ನು ಪರದೆಯ ಮೇಲೆ ತೋರಿಸಿದರು. ಮಸಿ ಮುಖ, ದಪ್ಪಗೆ ಬರೆದ ತುಟಿ, ಸೊಟ್ಟಗೆ ನಿಂತ ಕಾಲು. ನನಗೆ ಅಲ್ಲಿ ಕಂಡದ್ದು ನಿಮ್ಮ ಮುಖ, ಅಪ್ಪ. ಬಹಳ ನಾಚಿಕೆಯಾಯಿತು. ನಿಮ್ಮ ಮೇಲೆ ಸಿಟ್ಟೂ ಬಂತು, ಅದನ್ನು ಮುಚ್ಚಿಡುವುದಿಲ್ಲ.

ಮನೆಗೆ ಬಂದವಳೇ ಪಾಲಿಶ್ ಡಬ್ಬಿಯನ್ನು ಕಸದ ಬುಟ್ಟಿಗೆ ಹಾಕಿದೆ. ನಿಮ್ಮ ಅಳಿಯಂದಿರಿಗೆ ಎಲ್ಲಿಲ್ಲದ ಕೋಪ. “ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕಿದ ಹಾಗಾಯ್ತು. ಇವರ ಹಿಸ್ಟರಿಗೂ ನಮ್ಮ ನಾಟಕಕ್ಕೂ ಏನೇ ಸಂಬಂಧ? ಆ ಚರ್ಚಿನವರಿಗೆ ಕನ್ನಡವೂ ಬರಲ್ಲ,” ಎಂದರು. “ಕನ್ನಡ ಬರದೇ ಇರಬಹುದು, ಕಣ್ಣು ಕಾಣುತ್ತಲ್ಲ,” ಎಂದೆ. ಮೂರನೆಯ ದಿನ ಅನ್ನ ಬಡಿಸಿಕೊಳ್ಳುತ್ತಾ, “ನಿಮ್ಮಪ್ಪ ಬೇಡ ಅಂತ ಬರೆದ್ರೆ ಬಿಡ್ತೀನಿ, ನಿನ್ನ ಮಾತಿಗಲ್ಲ,” ಎಂದರು. ನೀವೆಂದರೆ ಅವರಿಗೆ ದೇವರು, ಅದಕ್ಕೇ ನಿಮಗೆ ಬರೆಯುತ್ತಿದ್ದೇನೆ.

ಕರಿಯನ ಮುಖಕ್ಕೆ ಮಸಿ ಬೇಡ. ಅವನು ಎಂಜಲೆಲೆ ಹೊತ್ತು ಜಾರಿ ಬೀಳುವ ದೃಶ್ಯವೂ ಬೇಡ, ಎರಡನ್ನೂ ಹೊಡೆದುಹಾಕಿದ್ದೇನೆಂದು ನೀವೇ ನಿಮ್ಮ ಕೈಯಾರೆ ಬರೆದು ಕಳಿಸಿ. ನಾಟಕ ನಿಮ್ಮದು, ಒಂದು ಅಕ್ಷರ ಬದಲಿಸುವ ಹಕ್ಕೂ ನನಗಿಲ್ಲ. ಆದರೆ ಇಲ್ಲಿರುವ ಒಂದೇ ಪ್ರತಿ ನನ್ನ ಪೆಟ್ಟಿಗೆಯಲ್ಲಿದೆ, ಬೀಗದ ಕೈಯೂ ನನ್ನ ಬಳಿಯೇ ಇದೆ. ನೀವು ಒಪ್ಪದಿದ್ದರೆ ಈ ಯುಗಾದಿಗೆ ನಾಟಕವಿಲ್ಲ, ಹೋಳಿಗೆ ತಿಂದು ಎಲ್ಲರೂ ಮನೆಗೆ ಹೋಗಲಿ. ಹಠಮಾರಿ ಎಂದು ಬೈಯಿರಿ. ಆ ಹಠ ಎಲ್ಲಿಂದ ಬಂತೆಂದು ಅಮ್ಮನನ್ನು ಕೇಳಿದರೆ ಹೇಳುತ್ತಾಳೆ.

ಅಮ್ಮನಿಗೆ ನನ್ನ ನಮಸ್ಕಾರ, ಹರಿಯ ಮಕ್ಕಳಿಗೆ ಮುತ್ತು. ಔಷಧಿ ಹೊತ್ತಿಗೆ ಸರಿಯಾಗಿ ಹಾಕಿಸಿಕೊಳ್ಳಿ.

ನಿಮ್ಮ ಮಗಳು,
ಪಂಕಜಾ

ವಿ.ಸೂ.: ಲಕೋಟೆ ಅಂಟಿಸುವ ಮೊದಲು ಇದೊಂದನ್ನು ಬರೆದುಬಿಡುತ್ತೇನೆ, ನಾಳೆಗೆ ಧೈರ್ಯ ಇರುವುದಿಲ್ಲ. ಸೌದೆ ಒಡೆಯಲು ಬರುತ್ತಿದ್ದ ಚಿಕ್ಕಮಾದನ ನಡಿಗೆಯನ್ನೇ ನೀವು ಕರಿಯನಿಗೆ ಕೊಟ್ಟಿರಿ. ನಾಟಕ ನೋಡಿ ಎಲ್ಲರಿಗಿಂತ ಹೆಚ್ಚು ನಕ್ಕವನೂ ಅವನೇ ಎಂದು ಇವತ್ತಿಗೂ ಹೇಳುತ್ತೀರಿ. ಅವನು ನಗಲಿಲ್ಲ, ಅಪ್ಪ. ಅವನನ್ನು ಹೈಸ್ಕೂಲಿನ ಹಾಲಿನೊಳಗೆ ಬಿಡದೆ ಇದ್ದುದರಿಂದ ಕಿಟಕಿಯ ಹೊರಗೆ ನಿಂತು ನೋಡುತ್ತಿದ್ದ. ನಾನು ಒಳಗೆ ಅದೇ ಕಿಟಕಿಯ ಪಕ್ಕದಲ್ಲಿದ್ದೆ. “ನಾನು ಇಂಗೇ ನಡೀತೀನಾ, ಪುಟ್ಟಮ್ನೋರೆ?” ಎಂದು ಮೆಲ್ಲಗೆ ಕೇಳಿದ. ಹೌದು ಎಂದು ನಕ್ಕವಳು ನಾನು.