ಸಂತೆಯಲ್ಲಿ ಅಪ್ಪನ ದನಿ

ಅಮ್ಮಾ, ನಮಸ್ಕಾರ. ಅಪ್ಪನ ಗಂಟಲಿನ ಆಪರೇಷನ್ ಗಾಯ ಒಣಗುತ್ತಿದೆ, ಗಂಜಿ ಇಳಿಯುತ್ತಿದೆ. ಇವತ್ತು ಬೆಳಿಗ್ಗೆ ಆಸ್ಪತ್ರೆಯ ಹಿಂದಿನ ರೈತರ ಸಂತೆಗೆ ಕರೆದುಕೊಂಡು ಹೋಗಿದ್ದೆ. ಎಳೆ ಬಟಾಣಿಯ ರಾಶಿ ಕಂಡದ್ದೇ ತಡ, ಮೂವತ್ತು ವರ್ಷ ತರಕಾರಿ ಕೂಗಿ ಮಾರಿದ ಜೀವ ಅರಳಿತು. ಒಂದು ಕಾಯಿ ಬಿಡಿಸಿ ನೋಡಿ, ರೇಟು ಕೇಳಲು ಬಾಯಿ ತೆರೆದರು. ಬರೀ ಗಾಳಿ ಬಂತು.

"ಜೋರಾಗಿ ಹೇಳಿ ಯಜಮಾನ್ರೇ, ಕೇಳಿಸ್ತಿಲ್ಲ" ಎಂದಳು ಮಾರುವಾಕೆ.

ಅಪ್ಪ ಕಾಯಿಯನ್ನು ರಾಶಿಯ ಮೇಲೇ ಇಟ್ಟು ಹೊರಟುಬಿಟ್ಟರು. ದನಿ ಇನ್ನು ಮರಳುವುದಿಲ್ಲವೆಂದು ಡಾಕ್ಟರು ಮೊನ್ನೆಯೇ ನನಗೆ ಹೇಳಿದ್ದರು. ಮುಚ್ಚಿಡಲಾಗದೆ ದಾರಿಯಲ್ಲಿ ಹೇಳಿಬಿಟ್ಟೆ. ತಲೆಯಾಡಿಸಿ, ನನ್ನ ಕೈಚೀಲವನ್ನು ತಾವೇ ಹಿಡಿದು ಮುಂದೆ ನಡೆದರು. ಅವರ ಎದುರಿಗೇ ಇದನ್ನು ನಿನಗೆ ಫೋನಿನಲ್ಲಿ ಹೇಳಲು ಮನಸ್ಸಾಗಲಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ನರ್ಸ್ ಕರೆಯುತ್ತಿದ್ದಾರೆ. ಇನ್ನು "ಅವರಿಗೆ ಕೊಡು, ಮಾತಾಡಲಿ" ಅನ್ನಬೇಡಮ್ಮ. ನೀನು ಮಾತಾಡುತ್ತಿರು, ಫೋನನ್ನು ಅವರ ಕಿವಿಗೆ ಹಿಡಿಯುತ್ತೇನೆ.

ನಿನ್ನ ಮಗಳು