ಹೊನ್ನೆಗುಡ್ಡದ ಹಿತ್ತಾಳೆ ಬಿಲ್ಲೆ

ಆಲ್ದೂರು
18-12-2005, ಭಾನುವಾರ

ಸೌಜನ್ಯಳ ಅಪ್ಪಾಜಿಯವರಿಗೆ,

ವಿಶಾಲಾಕ್ಷಿಯ ಶರಣು. ಮೊಣಕಾಲು ಹೇಗಿದೆ? ಹೊಲಿಗೆ ಬಿಚ್ಚಿದ ಜಾಗದಲ್ಲಿ ಊತ ಇಳಿಯಿತೆಂದು ಸೌಜನ್ಯ ಹೇಳಿದಳು. ಆದರೆ ವ್ಯಾಯಾಮ ಮಾಡಿಸುವವನು ಬಾಗಿಲು ತಟ್ಟಿದ ಕೂಡಲೇ ನೀವು ಕಣ್ಣು ಮುಚ್ಚಿ ಗೊರಕೆ ಹೊಡೆಯುತ್ತೀರಂತೆ. ಆಪರೇಷನ್ನಿಗೆ ದುಡ್ಡು ಸುರಿದಿದ್ದು ಗೊರಕೆ ಕೇಳುವುದಕ್ಕಲ್ಲ. ಬೆಳಿಗ್ಗೆ ಸಂಜೆ ಎರಡು ಹೊತ್ತೂ ಕಾಲು ಆಡಿಸಿ. ದಾವಣಗೆರೆಯ ಮಂಡಕ್ಕಿ ಮೆಣಸಿನಕಾಯಿ ಅಳಿಯಂದಿರ ಕೈಚೀಲದಲ್ಲಿ ಕದ್ದು ಬರುತ್ತಿದೆಯೆಂಬ ಗುಮಾನಿಯೂ ನನಗಿದೆ. ಅದು ನಿಜವೋ ಸುಳ್ಳೋ ನಿಮ್ಮ ಹೊಟ್ಟೆಗೇ ಗೊತ್ತು. ನಾನು ಚೆನ್ನಾಗಿದ್ದೇನೆ. ಈಗ ಕಾಫಿ ಕುಯ್ಲಿನ ಕಾಲ, ಅಂಗಡಿಯಲ್ಲಿ ಪುರುಸೊತ್ತಿಲ್ಲ. ಸಂತೆಯ ದಿನವಂತೂ ಬೆಲ್ಲದ ಅಚ್ಚು ಮಧ್ಯಾಹ್ನಕ್ಕೇ ಖಾಲಿ.

ಫೋನ್ ಮಾಡದೆ ಪತ್ರ ಯಾಕೆ ಬರೆದಳು ಎಂದುಕೊಳ್ಳುತ್ತೀರಿ. ನಮ್ಮ ಫೋನು ಇರುವುದು ಅಂಗಡಿಯಲ್ಲಿ. ಫೋನಿನ ಪಕ್ಕದ ಬೆಂಚಿನ ಮೇಲೆ ಬೆಳಿಗ್ಗೆಯಿಂದ ಸಂಜೆಯವರೆಗೆ ಕೂತಿರುವವರು ನಿಮ್ಮ ಜೀವದ ಗೆಳೆಯ ಶಾಂತವೀರಪ್ಪನವರು. ಸೊಸೈಟಿ ಕೆಲಸದಿಂದ ರಿಟೈರ್ ಆದಮೇಲೆ ಅವರಿಗೆ ಆ ಬೆಂಚೇ ಆಫೀಸು. ನಾನು ಬರೆಯಬೇಕಾಗಿರುವುದು ಅವರ ವಿಷಯವನ್ನೇ. ಸಮಾಧಾನದಿಂದ ಓದಿ. ನಡುವೆ ಎದ್ದು ಓಡಾಡಬೇಡಿ, ಕಾಲಿಗೆ ಒಳ್ಳೆಯದಲ್ಲ.

ಬಣಕಲ್ಲಿನ ಹತ್ತಿರದ ಆ ಹಳೆ ದೊರೆ ಬಂಗಲೆಯ ಸಾಮಾನಿನ ಹರಾಜು ಕೈತಪ್ಪಿತೆಂದು ಫೋನಿನಲ್ಲಿ ಹೇಳಿದ್ದೆನಲ್ಲ, ಹೇಗೆ ತಪ್ಪಿತೆಂದು ಪೂರ್ತಿ ಹೇಳಿರಲಿಲ್ಲ. ಹೊರಡುವ ಮುಂಚೆ ನೀವು ಹೇಳಿಕೊಟ್ಟಿದ್ದನ್ನೆಲ್ಲ ಗಟ್ಟಿ ಮಾಡಿಕೊಂಡಿದ್ದೆ. ಎಷ್ಟರವರೆಗೆ ಹೋಗುವುದೆಂದು ಮನೆಯಲ್ಲೇ ನಿಶ್ಚಯ ಮಾಡಬೇಕು, ಅಲ್ಲಿಗೆ ಹೋದಮೇಲೆ ಅದನ್ನು ಬದಲಿಸಬಾರದು. ಬೇಕಾದ ವಸ್ತುವನ್ನು ಮುಟ್ಟಬಾರದು, ಬೇಡದ್ದನ್ನು ತಿರುಗಿಸಿ ನೋಡುತ್ತಿರಬೇಕು. ಮೊದಲ ಸವಾಲು ನಮ್ಮದಾಗಬಾರದು. ಜನ ಸುಸ್ತಾದಮೇಲೆ ಕೂಗಬೇಕು, ಕೂಗಿದರೆ ತಡವರಿಸಬಾರದು. ಹಾಗೇ ಮಾಡಿದೆ. ಹರಾಜಿನವರ ಚೀಟಿಯಲ್ಲಿ 'ಹೊನ್ನೆಗುಡ್ಡ ಸೇರಿ ಹಳೆ ಎಸ್ಟೇಟ್ ಬಿಲ್ಲೆಗಳು, ಒಂದು ಡಬ್ಬಿ' ಎಂದು ಬರೆದಿದ್ದನ್ನು ಓದಿಯೂ ಆ ಡಬ್ಬಿಯ ಕಡೆ ಕಣ್ಣೆತ್ತಲಿಲ್ಲ. ಗೆದ್ದಲು ತಿಂದ ಪಿಯಾನೋ ಒಂದಿತ್ತು. ನಾನು ಅದರ ಸುತ್ತ ಮೂರು ಸುತ್ತು ಹಾಕಿದ್ದು ನೋಡಿ ಯಾರೋ ಒಬ್ಬಾಕೆ 'ಅಮ್ಮಾವ್ರು ಹಾಡ್ತಾರಾ?' ಎಂದು ಕೇಳಿದಳು.

ನಿಮ್ಮ ಬಿಲ್ಲೆ ಹುಚ್ಚಿಗೆ ನಾನು ಎಷ್ಟು ಬೈದರೂ, ಆ ಹೊನ್ನೆಗುಡ್ಡದ್ದೊಂದು ಸಿಕ್ಕಿಬಿಡಲಿ ಎಂದು ನನಗೂ ಆಸೆಯಿತ್ತು. ಆಗಿನ ಕಾಲದಲ್ಲಿ ಒಂದು ಬುಟ್ಟಿ ಕಾಫಿ ಹಣ್ಣು ಅಳೆದರೆ ಆಳಿಗೆ ಒಂದು ಹಿತ್ತಾಳೆ ಬಿಲ್ಲೆ. ನಮ್ಮ ಮಾವನವರು ಆ ಬಿಲ್ಲೆಯನ್ನೇ ದುಡ್ಡಿನ ಬದಲು ತೆಗೆದುಕೊಂಡು ಉಪ್ಪು ಮೆಣಸಿನಕಾಯಿ ಕೊಡುತ್ತಿದ್ದರಂತೆ, ಆಮೇಲೆ ಎಸ್ಟೇಟಿನಲ್ಲಿ ಕೊಟ್ಟು ಹಣ ಪಡೆಯುತ್ತಿದ್ದರಂತೆ. ಸೀಗೆಪುಡಿ ಕೇಳಿಕೊಂಡು ಬಂದವರಿಗೂ ನೀವು ಈ ಕಥೆ ಹೇಳದೆ ಕಳಿಸುವುದಿಲ್ಲ. ಸುತ್ತಿನ ಎಸ್ಟೇಟುಗಳದ್ದೆಲ್ಲ ನಿಮ್ಮ ಗಾಜಿನ ಪೆಟ್ಟಿಗೆ ಸೇರಿದೆ, ಹೊನ್ನೆಗುಡ್ಡದ್ದೊಂದು ಬಿಟ್ಟು.

ಸರಿ, ಡಬ್ಬಿ ಮೇಜಿನ ಮೇಲೆ ಬಂತು. ಮೊದಲು ನಾಲ್ಕೈದು ಜನ ಕೂಗಿ ಬಿಟ್ಟರು. ನಾನು ಕೂಗಿದೆ. ಕಂಬಕ್ಕೆ ಒರಗಿ ನಿಂತಿದ್ದ ಕಂದು ಸ್ವೆಟರಿನವನೊಬ್ಬ ಅದರ ಮೇಲೆ ಕೂಗಿದ. ಅವನು ಡಬ್ಬಿಯನ್ನು ನೋಡುತ್ತಿರಲಿಲ್ಲ, ಹರಾಜು ಕೂಗುವವನನ್ನೂ ನೋಡುತ್ತಿರಲಿಲ್ಲ, ನನ್ನನ್ನೇ ನೋಡುತ್ತಿದ್ದ. ನಾನು ನಮ್ಮ ಮಿತಿಯಾದ ಐದು ಸಾವಿರಕ್ಕೆ ಮುಟ್ಟಿದೆ. ಅವನು ಇನ್ನೊಂದೇ ಮೆಟ್ಟಿಲು ಏರಿ ಐದು ಸಾವಿರದ ನೂರು ಎಂದ. ಶಾಂತವೀರಪ್ಪನವರು ನನ್ನ ಪಕ್ಕದಲ್ಲೇ ಇದ್ದರು. ಕನ್ನಡಕ ತೆಗೆದು ಪಂಚೆಯ ಅಂಚಿನಲ್ಲಿ ಒರೆಸುತ್ತಾ, 'ಅತ್ತಿಗೆ, ಅಣ್ಣ ಹೇಳಿದ್ದು ಐದೇ ಅಲ್ವಾ, ಸಾಕು ಬಿಡಿ' ಅಂದರು. ಬಿಟ್ಟೆ. ಒಂದು ಸಾರಿ, ಎರಡು ಸಾರಿ, ಮೂರು ಸಾರಿ. ಸ್ವೆಟರಿನವನು ಡಬ್ಬಿ ಹಿಡಿದು ಜೀಪು ಹತ್ತಿ ಮೂಡಿಗೆರೆ ಕಡೆ ಹೋದ.

ಮೊದಲು ನನಗೆ ಅನುಮಾನ ಬಂದಿದ್ದು ಹರಾಜಿನವನ ಮೇಲೆ. ಬೆಲೆ ಏರಿಸಲು ತಮ್ಮದೇ ಜನರನ್ನು ಗುಂಪಿನಲ್ಲಿ ನಿಲ್ಲಿಸುತ್ತಾರೆ ಎಂದು ನೀವೇ ಹೇಳುತ್ತಿದ್ದಿರಿ. ಆದರೆ ಅಂಥವನು ನಮ್ಮನ್ನು ಏರಿಸಿ ತಾನು ಇಳಿದುಕೊಳ್ಳಬೇಕು, ಹಣ ಕಟ್ಟಿ ಮಾಲು ಒಯ್ಯುವುದಿಲ್ಲ. ಇವನು ಕಟ್ಟಿದ. ಬಸ್ಸಿನಲ್ಲಿ ವಾಪಸು ಬರುವಾಗ ಒಂದೇ ಯೋಚನೆ: ನಮ್ಮ ಗೆರೆ ಎಲ್ಲಿದೆಯೆಂದು ಅವನಿಗೆ ಹೇಗೆ ಗೊತ್ತಾಯಿತು? ಅದು ಗೊತ್ತಿದ್ದಿದ್ದು ನಿಮಗೆ, ನನಗೆ, ಸೌಜನ್ಯ ಅಳಿಯಂದಿರಿಗೆ, ಶಾಂತವೀರಪ್ಪನವರಿಗೆ. ಅಳಿಯಂದಿರ ಮೇಲೂ ಒಂದಿಡೀ ದಿನ ಅನುಮಾನಪಟ್ಟೆ. ಇದನ್ನು ಮಾತ್ರ ಸೌಜನ್ಯಳ ಮುಂದೆ ಗಟ್ಟಿಯಾಗಿ ಓದಬೇಡಿ.

ಶಾಂತವೀರಪ್ಪನವರ ಮೇಲೆ ಅನುಮಾನಪಡಲು ನನಗೇ ನಾಚಿಕೆಯಾಗಿತ್ತು. ನಿಮ್ಮ ಜೊತೆ ಬೆಂಗಳೂರಿನ ನಾಣ್ಯದ ಮೇಳಕ್ಕೆ ಹೋಗಿ ಚೀಲ ಹೊತ್ತವರು, ಸೌಜನ್ಯಳ ಮದುವೆಯಲ್ಲಿ ಉಗ್ರಾಣದ ಬೀಗದಕೈ ಸೊಂಟಕ್ಕೆ ಸಿಕ್ಕಿಸಿಕೊಂಡು ಊಟ ಬಿಟ್ಟು ನಿಂತವರು. ಆದರೆ ಮನಸ್ಸಿನಲ್ಲಿ ಮುಳ್ಳು ಮುರಿದರೆ ತೆಗೆಯದೆ ನಿದ್ದೆ ಬರುವುದಿಲ್ಲ. ಅವರು ಅಂಗಡಿಗೆ ಬಂದರೆ ಅವರ ಮುಖ ನೋಡುವುದು, ಫೋನ್ ಬಂದರೆ ಅವರ ಕಿವಿ ನೋಡುವುದು, ಹೀಗೇ ಆಯಿತು. 'ಯಾಕೆ ಅತ್ತಿಗೆ, ಹುಷಾರಿಲ್ವಾ?' ಎಂದು ಅವರೇ ಕೇಳಿದರು.

ಅಷ್ಟರಲ್ಲಿ ಇಂಟರ್‌ನೆಟ್ಟಿನ ಹರಾಜಿನಲ್ಲಿ ಕೂನೂರಿನವರೊಬ್ಬರು ಹೊನ್ನೆಗುಡ್ಡದ ಒಂಟಿ ಬಿಲ್ಲೆ ಹಾಕಿದ್ದಾರೆಂದು ನಿಮಗೆ ಸುದ್ದಿ ಬಂತಲ್ಲ. ನಾನು ಅಂಗಡಿಯ ಫೋನು ಬಿಟ್ಟು ಬಸ್ ಸ್ಟ್ಯಾಂಡಿನ ಬೂತಿನಿಂದ ಮಾತಾಡಿದ್ದಕ್ಕೆ 'ಅಂಗಡಿ ಫೋನಿಗೇನಾಯ್ತೇ?' ಎಂದು ಕೇಳಿದಿರಿ. ಏನೂ ಆಗಿರಲಿಲ್ಲ. ನೀವು ಮೂರು ಸಾವಿರದವರೆಗೆ ಹೋಗೆಂದಿರಿ. ಶಾಂತವೀರಪ್ಪನವರಿಗೆ ನಾನೇ ತಿಳಿಸುತ್ತೇನೆ, ನೀವು ಹೇಳಬೇಡಿ ಎಂದೆ. ತಿಳಿಸಿದೆ. ಬೆಂಚಿನ ಹತ್ತಿರ ಅಕ್ಕಿ ಆರಿಸುತ್ತಾ, 'ಈ ಸಲ ಎರಡು ಸಾವಿರ ದಾಟಬೇಡ ಅಂದಿದ್ದಾರೆ' ಎಂದು ತಣ್ಣಗೆ ಹೇಳಿದೆ. ತಲೆ ಎತ್ತದೆ ಕಲ್ಲು ಹೆಕ್ಕುತ್ತಲೇ ಇದ್ದೆ.

ಹರಾಜು ಮುಗಿಯುವ ದಿನ ಅವರಿಗೆ ಹೇಳದೆ ಚಿಕ್ಕಮಗಳೂರಿಗೆ ಹೋದೆ. ಇಂಟರ್‌ನೆಟ್ ಸೆಂಟರ್ ನಡೆಸುವ ಗಾನಶ್ರೀ ಪಕ್ಕದಲ್ಲಿ ಕುರ್ಚಿ ಹಾಕಿಕೊಟ್ಟಳು. ಅಲ್ಲಿ ಮುಖ ಕಾಣುವುದಿಲ್ಲ, ಸ್ವೆಟರ್ ಕಾಣುವುದಿಲ್ಲ, ಬರೀ ಸುಳ್ಳು ಹೆಸರುಗಳು. ಕಾಫಿಹಿಲ್ ಎಂಬುವನೊಬ್ಬ ಮುಂದಿದ್ದ. ನಿಮ್ಮ ಮಾತಿನಂತೆ ಕೊನೆಯ ಗಳಿಗೆಯವರೆಗೆ ನಮ್ಮ ಸುಳಿವು ಕೊಡಲಿಲ್ಲ. ಬೇಗ ಕೂಗಿದರೆ ಎದುರಿನವನಿಗೆ ಯೋಚಿಸಲು ಸಮಯ ಕೊಟ್ಟಂತೆ, ಅಲ್ಲವೇ? ಕರೆಂಟು ಹೋದರೆ ಎಂಬ ಭಯಕ್ಕೆ ಮಾತ್ರ ಒಂದೈದು ನಿಮಿಷ ಮುಂಚೆಯೇ ಪೂರ್ತಿ ಮೂರು ಸಾವಿರ ಒಮ್ಮೆಗೇ ತುಂಬಿಸಿದೆ. ಮೆಷಿನ್ನೇ ಎದುರಿನವನಿಗಿಂತ ಒಂದು ನೂರು ಮಾತ್ರ ಮೇಲಕ್ಕೆ ಏರಿಸುತ್ತದೆ ಎಂದು ನೀವು ಹೇಳಿದ್ದು ಸರಿ. ಪರದೆಯ ಮೇಲೆ ನಮ್ಮ ಹೆಸರಿನ ಮುಂದೆ ಎರಡು ಸಾವಿರದ ಇನ್ನೂರು ಎಂದು ಬಂದು ನಿಂತಿತು. ಅಂದರೆ ಕಾಫಿಹಿಲ್ ಕಟ್ಟಿಟ್ಟಿದ್ದು ಎರಡು ಸಾವಿರದ ನೂರು. ನಾನು ಹೇಳಿದ ಸುಳ್ಳಿನ ಮೇಲೆ ಒಂದು ಮೆಟ್ಟಿಲು. 'ಗೆದ್ರಲ್ಲ ಆಂಟಿ!' ಎಂದು ಗಾನಶ್ರೀ ಕೈ ಕುಲುಕಿದಳು. ನನಗೆ ಮಾತ್ರ ಅಳು ಬಂತು. ಅಕ್ಕಿ ಆರಿಸುತ್ತಾ ಆಡಿದ ಆ ಸುಳ್ಳು ಕೇಳಿದ ಕಿವಿ ಒಂದೇ.

ಮಾರನೆಯ ದಿನ ಅವರು ಅಂಗಡಿಗೆ ಬರಲಿಲ್ಲ. ನಾನೇ ಅವರ ಮನೆಗೆ ಹೋದೆ, ಬೈಯಲೆಂದೇ ಹೋದೆ. ಅವರ ಹೆಂಡತಿ ಸಿದ್ದಗಂಗಮ್ಮ ಬಾಗಿಲು ತೆಗೆದು, 'ಬನ್ನಿ ಅಕ್ಕಾ' ಎಂದವಳು ನನ್ನ ಮುಖ ನೋಡಿ ಒಳಗೆ ಸರಿದಳು. ಶಾಂತವೀರಪ್ಪನವರು ನನ್ನನ್ನು ಕೂರಿಸಿ, ನಾನು ಬಾಯಿ ತೆರೆಯುವ ಮುಂಚೆಯೇ ಬೀರುವಿನಿಂದ ಆ ಬಂಗಲೆಯ ಡಬ್ಬಿ ತಂದು ನನ್ನ ಮುಂದಿಟ್ಟರು. ಸ್ವೆಟರಿನವನು ಸಿದ್ದಗಂಗಮ್ಮನ ತಮ್ಮ ರೇಣುಕಪ್ರಸಾದ್ ಅಂತೆ, ಮೂಡಿಗೆರೆಯಲ್ಲಿ ಕಾಫಿ ವ್ಯಾಪಾರಿಯೊಬ್ಬರ ಬಳಿ ಇದ್ದಾನೆ. ಕಾಫಿಹಿಲ್ ಕೂಡ ಅವನೇ.

'ತೆಗ್ದು ನೋಡಿ ಅತ್ತಿಗೆ' ಅಂದರು. ನೋಡಿದೆ. ಡಬ್ಬಿ ತುಂಬ ಬಿಲ್ಲೆಗಳು, ಒಂದೂ ಹೊನ್ನೆಗುಡ್ಡದ್ದಲ್ಲ. ಚೀಟಿಯಲ್ಲಿ ಬರೆದಿದ್ದೇ ಸುಳ್ಳೋ, ನಡುವೆ ಯಾರಾದರೂ ಎತ್ತಿಕೊಂಡರೋ, ಆ ಹರಾಜಿನವನನ್ನು ನಾನು ಈಗಲೂ ನಂಬುವುದಿಲ್ಲ. ಬೇಕಾದ್ದನ್ನು ಮುಟ್ಟಬೇಡ ಎಂಬ ನಿಮ್ಮ ಪಾಠವನ್ನು ನಾನೂ ಪಾಲಿಸಿದೆ, ನಿಮ್ಮಿಂದಲೇ ಕಲಿತ ಅವರೂ ಪಾಲಿಸಿದರು. ಹಾಗಾಗಿ ಯಾರೂ ಡಬ್ಬಿಯ ಮುಚ್ಚಳ ತೆಗೆದು ನೋಡಲೇ ಇಲ್ಲ.

ಬೈಯಲು ಹೋದವಳು ಡಬ್ಬಿಯ ಮುಚ್ಚಳ ಹಾಕಿದೆ. ಅವರೇ ಮಾತಾಡಿದರು. ಅವರ ಅಪ್ಪ ಹೊನ್ನೆಗುಡ್ಡ ಎಸ್ಟೇಟಿನಲ್ಲಿ ಆಳುಗಳ ಲೆಕ್ಕ ಬರೆಯುವ ರೈಟರ್ ಆಗಿದ್ದವರು ಎಂದು ನಿಮಗೆ ಗೊತ್ತಿತ್ತಂತೆ, ನನಗೆ ಗೊತ್ತಿರಲಿಲ್ಲ. ಸಂಜೆ ಹಣ್ಣು ಅಳೆದಮೇಲೆ ಒಬ್ಬೊಬ್ಬ ಆಳಿನ ಕೈಗೂ ಬಿಲ್ಲೆ ಇಡುತ್ತಿದ್ದದ್ದು ಅವರ ಅಪ್ಪನಂತೆ. ಇವರು ಎರಡನೇ ಕ್ಲಾಸಿನಲ್ಲಿದ್ದಾಗ ತೀರಿಕೊಂಡರು. ಒಂದು ಫೋಟೋ ಕೂಡ ಇಲ್ಲ. 'ಅಪ್ಪನ ಮುಖ ನೆನಪಿಲ್ಲ ಅತ್ತಿಗೆ, ಬಿಲ್ಲೆ ಎಣಿಸೋ ಸದ್ದು ನೆನಪಿದೆ' ಅಂದರು. ನಿಮ್ಮ ಹತ್ತಿರ ಒಮ್ಮೆ ಬಾಯಿಬಿಟ್ಟು ಕೇಳಿದ್ದರಂತೆ, ಹೊನ್ನೆಗುಡ್ಡದ್ದು ಯಾವಾಗಲಾದರೂ ಸಿಕ್ಕಿದರೆ ನನಗಿರಲಿ ಅಣ್ಣಾ ಎಂದು. ನೀವು ನಕ್ಕು, 'ನಾನಿಟ್ಕೊಂಡ್ರೆ ನೀನಿಟ್ಕೊಂಡಂಗೇ ಅಲ್ವಾ ಮಾರಾಯ' ಅಂದಿರಂತೆ.

ಅಂದಿದ್ದೀರಿ. ನೋಡದಿದ್ದರೂ ನನಗೆ ಗೊತ್ತು, ಆ ನಗು ಹೇಗಿರುತ್ತದೆಂದು. ನಿಮ್ಮಲ್ಲಿ ಕೆಟ್ಟದ್ದೇನಿಲ್ಲ, ಎದುರಿಗಿರುವವನಿಗೂ ಒಂದು ಆಸೆ ಇರಬಹುದು ಎಂಬುದು ನಿಮಗೆ ಹೊಳೆಯುವುದಿಲ್ಲ, ಅಷ್ಟೇ. 'ಎದುರಿಗೆ ನಿಂತು ಕೂಗೋಕೆ ಧೈರ್ಯ ಇರ್ಲಿಲ್ಲ. ಅಣ್ಣನ ಮೇಲೆ ಸವಾಲು ಕೂಗೋದು ಹೆಂಗೆ? ಕಳ್ಳನ ಥರ ಮಾಡಿಬಿಟ್ಟೆ' ಎಂದು ಆ ಮನುಷ್ಯ ಹೆಗಲ ಮೇಲಿನ ಟವೆಲಿನಲ್ಲಿ ಮುಖ ಮುಚ್ಚಿಕೊಂಡರು. ಸಿದ್ದಗಂಗಮ್ಮ ತಂದ ಕಾಫಿ ಆರಿಹೋಯಿತು. ನಾನು ಆರಿದ್ದನ್ನೇ ಕುಡಿದು ಎದ್ದು ಬಂದೆ.

ಅವರು ಮಾಡಿದ್ದು ಸರಿಯೆಂದು ನಾನು ಹೇಳುವುದಿಲ್ಲ. ನಮ್ಮ ಗುಟ್ಟನ್ನು ನಮ್ಮ ಬೆಂಚಿನ ಮೇಲೆ ಕೂತೇ ಒಯ್ದಿದ್ದಾರೆ. ಇನ್ನು ಮುಂದೆ ಅವರ ಎದುರು ನಮ್ಮ ಮಿತಿಯ ಮಾತು ಬೇಡ. ನಿಮ್ಮ ಮನಸ್ಸಿನಲ್ಲಿ ಏನು ಬರುತ್ತದೆಂದು ನನಗೆ ತಿಳಿಯದು. ಕೂನೂರಿನವರಿಗೆ ಡಿ.ಡಿ. ಕಳಿಸಿ ಆಯಿತು. ಅವರಾದರೂ ನಿಜವಾದ ಬಿಲ್ಲೆ ಕಳಿಸುತ್ತಾರೋ, ಇಲ್ಲ ಅಂಗಿಯ ಗುಂಡಿ ಕಳಿಸುತ್ತಾರೋ, ಶಿವನೇ ಬಲ್ಲ.

ಅಳಿಯಂದಿರಿಗೆ ನನ್ನ ಶರಣು, ಸೌಜನ್ಯಳಿಗೆ ಆಶೀರ್ವಾದ. ಕಾಲು ಆಡಿಸುವುದನ್ನು ಮರೆಯಬೇಡಿ. ವೀರಭದ್ರಸ್ವಾಮಿ ನಿಮ್ಮನ್ನು ಬೇಗ ಎಬ್ಬಿಸಿ ಮನೆಗೆ ಕಳಿಸಲಿ.

ಇಂತಿ ನಿಮ್ಮ
ವಿಶಾಲಾಕ್ಷಿ

ತಾ.ಕ.: ಸೋಮವಾರ. ಲಕೋಟೆಗೆ ಅಂಟು ಹಚ್ಚುವಷ್ಟರಲ್ಲಿ ಪೋಸ್ಟ್‌ಮ್ಯಾನ್ ದಾಸಯ್ಯ ಕೂನೂರಿನ ಪಾರ್ಸಲ್ ತಂದ. ಬಿಲ್ಲೆ ನಿಜವಾದದ್ದೇ. ಹೊನ್ನೆಗುಡ್ಡ ಎಂದು ಸ್ಪಷ್ಟವಾಗಿದೆ, ಅಂಚು ಬೆರಳಿಗೆ ಸವೆದಿದೆ. ಈಗಷ್ಟೇ ಹೋಗಿ ಅದನ್ನು ಶಾಂತವೀರಪ್ಪನವರ ಕೈಗೆ ಕೊಟ್ಟು ಬಂದೆ. ನಿಮ್ಮನ್ನು ಕೇಳಲಿಲ್ಲ. ಕೇಳಿದ್ದರೆ ನೀವು ಯೋಚಿಸುತ್ತಿದ್ದಿರಿ. ಶುಕ್ರವಾರ ಅವರು ನಿಮ್ಮನ್ನು ನೋಡಲು ದಾವಣಗೆರೆಗೆ ಬರುತ್ತಾರೆ, ಇದು ಅಣ್ಣನದೇ ಎಂದು ಹಟ ಹಿಡಿದು ಬಿಲ್ಲೆಯನ್ನು ನಿಮಗೇ ಒಪ್ಪಿಸಲು ಜೇಬಿನಲ್ಲಿ ತರುತ್ತಾರೆ. ಕೈಗೆ ತೆಗೆದುಕೊಂಡು ನೋಡಿ, ಚೆನ್ನಾಗಿದೆ ಅನ್ನಿ, ಅವರ ಜೇಬಿಗೇ ವಾಪಸು ಹಾಕಿ. ನೋಡುತ್ತಾ ನೋಡುತ್ತಾ ದಿಂಬಿನ ಕೆಳಗೆ ಸೇರಿಸಿಬಿಟ್ಟೀರಿ ಎಂಬ ಅನುಮಾನ ನನಗಿದೆ, ಆದ್ದರಿಂದ ಆವತ್ತು ನಿಮ್ಮ ಮಂಚದ ಪಕ್ಕದಿಂದ ಕದಲಬೇಡ ಎಂದು ಸೌಜನ್ಯಳಿಗೆ ಹೇಳಿಟ್ಟಿದ್ದೇನೆ.