ಮಕ್ಕಳ ಚೀಲಕ್ಕೆ ಎರಡನೆಯ ಗಂಟೆ

ಪಟ್ಟಣ ಕಚೇರಿಯ ಪರಿಸರ ವಿಭಾಗದ ಮುಖ್ಯಸ್ಥರಿಗೆ,

ಮಾನ್ಯರೇ, ರಜೆ ಮುಗಿದು ಸೋಮವಾರದಿಂದ ಶಾಲೆ ಮತ್ತೆ ತೆರೆಯುತ್ತದೆ, ಪ್ರತಿ ಮಗುವಿನ ಚೀಲಕ್ಕೂ ಒಂದರ ಬದಲು ಎರಡು ಗಂಟೆ ಕಟ್ಟಿ ಕಳುಹಿಸಬೇಕು ಎಂಬ ತಮ್ಮ ಸುತ್ತೋಲೆ ತಲುಪಿತು. ಬೆಕ್ಕಿಗೆ ಗಂಟೆ ಕಟ್ಟುವವರು ಯಾರೆಂದು ಇಲಿಗಳು ಸಭೆ ಸೇರಿದ ಕಥೆ ಕೇಳಿದ್ದೇವೆ. ಇಲಿಮರಿಗಳಿಗೇ ಗಂಟೆ ಕಟ್ಟಿ ಸಭೆ ಮುಗಿಸಿದ ಕೀರ್ತಿ ಮಾತ್ರ ತಮ್ಮದು. ದಯವಿಟ್ಟು ಆ ಸುತ್ತೋಲೆಯನ್ನು ಹಿಂದಕ್ಕೆ ತೆಗೆದುಕೊಳ್ಳಿ. ಏಕೆಂದರೆ ನಮ್ಮ ಕಣಿವೆಯ ಕರಡಿ ಗಂಟೆಯ ಸದ್ದಿಗೆ ಓಡಿಹೋಗುವುದಿಲ್ಲ, ಹತ್ತಿರ ಬರುತ್ತದೆ. ಅದಕ್ಕೆ ಆ ಪಾಠ ಕಲಿಸಿದ್ದು ನಾವು, ತಮ್ಮ ಅಪ್ಪಣೆಯ ಪ್ರಕಾರ.

ನಾನು ಕುರುಮಿಜಾವಾ ಹಳ್ಳಿಯ ದಾರಿ ಬಳಗದವಳು. ಹಳ್ಳಿಯಿಂದ ಶಾಲೆಯ ಕಡೆಗೆ ಹೋಗುವ ಹಳೆಯ ಕುದುರೆ ದಾರಿ ಬಿದಿರಿನಲ್ಲಿ ಮುಚ್ಚಿಹೋಗಿತ್ತು. ಅದನ್ನು ಕಡಿದು, ಹುಲ್ಲು ಸವರಿ, ಜಾರುವ ಕಡೆ ಮರದ ಮೆಟ್ಟಿಲು ಕೂರಿಸಿ ಮತ್ತೆ ದಾರಿ ಮಾಡಿದವರು ನಾವೇ, ಕೂಲಿಯಿಲ್ಲದೆ, ಬುತ್ತಿ ನಮ್ಮದೇ. ಕೆಳಗಿನ ರಸ್ತೆಯಲ್ಲಿ ಲಾರಿಗಳ ಕಾಟವೆಂದು ತಾವು ಅದನ್ನು ಮಕ್ಕಳ ಶಾಲಾದಾರಿಯೆಂದು ಘೋಷಿಸಿದಿರಿ. ಆ ದಿನ ನಾವು ಹಿಗ್ಗಿದ್ದೆವು. ನನ್ನ ಮೊಮ್ಮಗಳು ಸುಮಿರೆ ಈಗ ಆ ದಾರಿಯಲ್ಲೇ, ಸಾಲಿನ ಕೊನೆಯಲ್ಲಿ ನಡೆಯುತ್ತಾಳೆ. ಅವಳು ಎಲ್ಲರಿಗಿಂತ ಚಿಕ್ಕವಳು, ಹಿಂದೆ ಬೀಳುತ್ತಾಳೆ.

ದಾರಿಯ ನಡುವೆ ಒಂದು ಪಾಳುಮನೆ ಇದೆ. ಅಂಗಳದ ಕಾಕಿ ಹಣ್ಣಿನ ಮರಗಳು ಗೋಡೆಯಾಚೆಗೆ ಚಾಚಿಕೊಂಡಿವೆ. ಶರತ್ಕಾಲ ಬಂತೆಂದರೆ ಕೇಸರಿ ಹಣ್ಣು ಕೊಯ್ಯುವವರಿಲ್ಲದೆ ದಾರಿಯ ಮೇಲೆ ಉದುರಿ ಕೊಳೆಯುತ್ತದೆ. ಆ ವಾಸನೆ ಕರಡಿಗೆ ಬೆಟ್ಟದಾಚೆಗೂ ಮುಟ್ಟುತ್ತದೆಂದು ಇಲ್ಲಿ ಯಾರಿಗೆ ಗೊತ್ತಿಲ್ಲ? ಮರ ಕಡಿಯುತ್ತೇವೆ ಎಂದು ಕೇಳಿದೆವು. ಮಾಲೀಕರ ಒಪ್ಪಿಗೆ ಬೇಕು ಎಂದಿರಿ. ಮಾಲೀಕರು ಎಲ್ಲಿದ್ದಾರೆ ಎಂದರೆ ಅದು ಕಚೇರಿಗೂ ಗೊತ್ತಿಲ್ಲ. ಹಾಗಾದರೆ ಬಿದ್ದ ಹಣ್ಣನ್ನಾದರೂ ಒಯ್ಯುತ್ತೇವೆ ಎಂದೆವು. ಹಣ್ಣೂ ಮಾಲೀಕರ ಸ್ವತ್ತು, ಅವರ ಗಡಿಯೊಳಗೇ ಇಡಬೇಕು ಎಂದು ಉತ್ತರ ಬಂತು. ಕೆಲಸ ಮಾಡುವಾಗ ಎಲ್ಲರೂ ಸೊಂಟಕ್ಕೆ ಗಂಟೆ ಕಟ್ಟಿಕೊಳ್ಳಬೇಕು ಎಂಬ ಎಚ್ಚರಿಕೆಯೂ ಅದರ ಜೊತೆಗಿತ್ತು.

ನಾವು ಎಂಥ ಜನ ಎಂದು ತಮಗೆ ಗೊತ್ತು. ಕಂಡವರ ಹಣ್ಣಿಗೆ ಕೈ ಹಾಕಿದರೆಂಬ ಮಾತು ಬಂದರೆ ತಲೆ ಎತ್ತಿ ತಿರುಗುವವರಲ್ಲ. ವಾರವಾರವೂ ಗಂಟೆ ಕುಲುಕಿಸುತ್ತಾ ಹೋಗಿ, ಬಿದ್ದ ಹಣ್ಣನ್ನು ಬುಟ್ಟಿಗೆ ತುಂಬಿ, ಆ ಮನೆಯ ಜಗಲಿಯ ಮೇಲೆ ಚೊಕ್ಕವಾಗಿ ಪೇರಿಸಿಟ್ಟೆವು. ನನ್ನ ಜೊತೆಯವಳು ಟೊಮಿಕೊ ಅಕ್ಕ ಕೆಳಗೆ ಹಳೆಯ ಪತ್ರಿಕೆ ಹಾಸಿ, ಒಳ್ಳೆಯ ಹಣ್ಣುಗಳನ್ನು ಮೇಲೆ ಜೋಡಿಸುತ್ತಿದ್ದಳು. ಮುಂದಿನ ವಾರ ಹೋದರೆ ಜಗಲಿ ಖಾಲಿ. ಮಾಲೀಕರ ನೆಂಟರು ಯಾರೋ ಬಂದು ಒಯ್ಯುತ್ತಿದ್ದಾರೆಂದು ನಾವು ಸಂತೋಷಪಟ್ಟೆವು. ಒಂದು ಮಾತು ಥ್ಯಾಂಕ್ಸ್ ಹೇಳಲಿಲ್ಲವಲ್ಲ ಎಂದು ಅಕ್ಕನಿಗೆ ತುಸು ಬೇಸರವೂ ಆಗಿತ್ತು.

ಕಳೆದ ವಾರ ನೆಂಟರು ಬಂದರು. ನಾವಿಬ್ಬರೂ ಗೋಡೆಯ ಬಳಿ ಬಗ್ಗಿ ಹಣ್ಣು ಆಯುತ್ತಿದ್ದೆವು. ಬಿದಿರಿನ ಕಡೆಯಿಂದ ಕರಡಿ ನಡೆದು ಬಂತು. ಗುಟುರಿಲ್ಲ, ಗಡಿಬಿಡಿಯಿಲ್ಲ. ಸೀದಾ ಜಗಲಿಯ ಬಳಿಗೆ ಹೋಗಿ ಕೂತು ನಮ್ಮ ಕಡೆ ನೋಡಿತು. ಅಕ್ಕ ನಡುಗತೊಡಗಿದಳು. ಅವಳು ನಡುಗಿದಂತೆ ಸೊಂಟದ ಗಂಟೆ ಕಿಣಿಕಿಣಿ ಎಂದಿತು. ಗಂಟೆ ಸದ್ದಾದಾಗಲೆಲ್ಲ ಕರಡಿ ಎದ್ದು ಒಂದು ಹೆಜ್ಜೆ ಮುಂದಿಡುತ್ತಿತ್ತು. ಅಕ್ಕ ತುಟಿ ಅಲುಗಿಸದೆ ಹೇಳಿದಳು:

"ಹಿಸಾಯೊ, ಗಂಟೆ ಮುಷ್ಟೀಲಿ ಹಿಡ್ಕೊಳ್ಳೆ. ನಂದೂ ಹಿಡಿ. ಅದು ನಮ್ಮೇಲೆ ಬರ್ತಿಲ್ಲ, ಊಟ ಬಡಿಸ್ಲಿ ಅಂತ ಕಾಯ್ತಿದೆ."

ಹಿಡಿದೆ. ಸದ್ದು ನಿಂತಿತು, ಕರಡಿಯೂ ನಿಂತಿತು. ಬುಟ್ಟಿಗಳನ್ನು ಅಲ್ಲೇ ಇಟ್ಟು, ಬೆನ್ನು ತೋರಿಸದೆ ಹಿಂದೆ ಹಿಂದೆ ಸರಿದೆವು. ತಿರುವಿನಿಂದ ನೋಡಿದಾಗ ಅದು ಬುಟ್ಟಿಯೊಳಗೆ ಮೂತಿಯಿಟ್ಟು ತಿನ್ನುತ್ತಿತ್ತು. ಅಂದಿನಿಂದ ಅಂಗಡಿ ಬಾಗಿಲಿನ ಗಂಟೆ ಕೇಳಿದರೂ ನನಗೆ ಬೆನ್ನು ಬೆವರುತ್ತದೆ. ನಾಚಿಕೆಯಿಲ್ಲದೆ ಹೇಳುತ್ತೇನೆ, ನನಗೆ ಭಯವಾಗಿದೆ.

ತಮ್ಮ ಕಚೇರಿಗೆ ಫೋನ್ ಮಾಡಿದೆ. ತಾವು ಸಭೆಯಲ್ಲಿದ್ದಿರಿ. ಮಾತಾಡಿದ ಹುಡುಗ ಸಭ್ಯಸ್ಥ, ಎಲ್ಲವನ್ನೂ ಕೇಳಿಸಿಕೊಂಡ. ಕೊನೆಗೆ, "ಗಂಟೆ ಸದ್ದಿಗೆ ಕರಡಿ ದೂರ ಹೋಗುತ್ತೆ ಅಂತ ಕೈಪಿಡೀಲೇ ಇದೆಯಲ್ಲಮ್ಮ," ಎಂದ.

"ಕರಡಿ ಓದಿದೆಯೇನಪ್ಪ ಕೈಪಿಡಿ?" ಎಂದೆ. ಅವನು ಮೇಲಿನವರಿಗೆ ತಿಳಿಸುತ್ತೇನೆಂದ. ತಿಳಿಸಿಯೂ ಇದ್ದಾನೆ. ಅದರ ಫಲವೇ ಈ ಎರಡನೆಯ ಗಂಟೆ.

ಈ ವಾರ ನಾವು ಜಗಲಿಗೆ ಹಣ್ಣು ಇಟ್ಟಿಲ್ಲ. ಇಡದೆ ಒಳ್ಳೆಯದು ಮಾಡಿದೆವೋ ಕೆಟ್ಟದ್ದು ಮಾಡಿದೆವೋ, ಅದೂ ತಿಳಿಯದು. ಸೋಮವಾರ ಹಸಿದ ಕರಡಿಯೊಂದು ಆ ಗೋಡೆಯ ಹಿಂದೆ ಕೂತಿದ್ದರೆ, ಮಕ್ಕಳ ಸಾಲು ಕಿಣಿಕಿಣಿ ಎಂದು ಬಂದರೆ, ಯಾರ ಬಳಿಯೂ ಬುಟ್ಟಿ ಇಲ್ಲದಿದ್ದರೆ, ಅದು ಏನು ಮಾಡಬೇಕೆಂದು ತಮ್ಮ ಕೈಪಿಡಿ ಹೇಳುತ್ತದೆ? ಸ್ವತ್ತಿನ ಹಕ್ಕು ದೊಡ್ಡದು, ಒಪ್ಪಿದೆ. ಎಲ್ಲಿದ್ದಾನೆಂದು ಗೊತ್ತಿಲ್ಲದ ಮಾಲೀಕನ ಹಣ್ಣನ್ನು ಇಷ್ಟು ಜತನದಿಂದ ಕಾಯುವ ಕಚೇರಿಗೆ, ಇಂಥ ಮನೆಯವರೆಂದು ಗೊತ್ತಿರುವ ಮಕ್ಕಳು ಯಾರ ಸ್ವತ್ತು?

ಕರಡಿಯನ್ನು ಕೊಲ್ಲಿ ಎಂದು ನಾನು ಕೇಳುತ್ತಿಲ್ಲ. ಬಡಿಸಿದ್ದನ್ನು ಉಂಡದ್ದು ಅದರ ತಪ್ಪಲ್ಲ. ಆ ಮರಗಳನ್ನು ಕಡಿಯಲು ಅಪ್ಪಣೆ ಕೊಡಿ, ಗರಗಸ ನಮ್ಮ ಬಳಿ ಇದೆ. ಮಾಲೀಕರು ಎಂದಾದರೂ ಬಂದರೆ ಅವರ ಮುಂದೆ ತಲೆ ಬಗ್ಗಿಸಿ ಕ್ಷಮೆ ಕೇಳುವವಳು ನಾನು. ಅಲ್ಲಿಯವರೆಗೆ ಮಕ್ಕಳಿಗೆ ಒಂದು ವಾಹನ ಕಳುಹಿಸಿ. ಅದೂ ಆಗದಿದ್ದರೆ ಸೋಮವಾರ ಬೆಳಿಗ್ಗೆ ತಾವೇ ಬಂದು, ಎರಡೂ ಗಂಟೆ ಕಟ್ಟಿಕೊಂಡು, ಸಾಲಿನ ಕೊನೆಯಲ್ಲಿ ಸುಮಿರೆಯ ಹಿಂದೆ ನಡೆಯಿರಿ.

ನಿನ್ನೆ ಅವಳು ಚೀಲ ತಂದು ನನ್ನ ಮುಂದಿಟ್ಟಳು. "ಅಜ್ಜಿ, ಸ್ಕೂಲಲ್ಲಿ ಕಟ್ಕೊಂಡ್ ಬಾ ಅಂತಾರೆ. ಟೊಮಿಕೊ ಅಜ್ಜಿ ಬೇಡ ಅಂತಾರೆ. ನೀನೇ ಹೇಳು, ಕಟ್ಕೊಳ್ಳೋದಾ ಬೇಡ್ವಾ?" ಎಂದಳು.

ಕಟ್ಟಿದರೆ ನಮ್ಮ ಕರಡಿ ಬರುತ್ತದೆ. ಬಿಚ್ಚಿದರೆ, ಈ ಪಾಠ ಕಲಿಯದ ಬೇರೊಂದು ಕರಡಿಗೆ ಅವಳು ಸದ್ದಿಲ್ಲದೆ ಎದುರಾಗುತ್ತಾಳೆ. ಗಂಟೆ ಇನ್ನೂ ನನ್ನ ಮುಷ್ಟಿಯಲ್ಲೇ ಇದೆ. ಅವಳಿಗೆ ಏನು ಹೇಳಲಿ, ಮಾನ್ಯರೇ? ಸೋಮವಾರದೊಳಗೆ ತಿಳಿಸಿ.

ಇಂತಿ,
ಕರಡಿಗೆ ವಾರವಾರ ಹಣ್ಣು ಬಡಿಸಿದ, ತಮ್ಮ ಅಪ್ಪಣೆ ಎಂದೂ ಮೀರದ,
ಹಿಸಾಯೊ
ದಾರಿ ಬಳಗ, ಕುರುಮಿಜಾವಾ